ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸೋರ ಮಾಸ್ಕ್: ಹೊಲಿಯೋರೆಲ್ಲಾ ಓದ್ರಿ

ಅಕ್ಕಾರೆ, ಬ್ಯಾಡಗಿ ಮೆಣಸಿನಕಾಯಿ ತುಂಬು ಬಿಡಿಸೋ ಹೆಣ್ಮಕ್ಕಳಿಗೆ ಹೊಲಿಯೋ ಮಾಸ್ಕಿನ ಅಳತಿ ಹಿಂಗ ಇರಲಿ.

ಬಟ್ಟೆ ಒತ್ತಾಗಿ ನೇಯ್ದ ಕಾಟನ್ ಇರಬೇಕು. ಬಲ್ಬಿಗೆ ಹಿಡಿದು ನೋಡ್ರಿ, ಬಲ್ಬಿನ ಆಕಾರ ಕಂಡ್ರ ಆ ಬಟ್ಟೆ ಬ್ಯಾಡ. ಬಿಸಿನೀರಾಗ ತೊಳದು ಒಣಗಿಸಿದ ಮ್ಯಾಲೇ ಕತ್ತರಿಸ್ರಿ. ಗಂಜಿನೂ ಹೋಗತೈತಿ, ಕುಗ್ಗೂದೂ ಮೊದಲೇ ಕುಗ್ಗತೈತಿ.

9 ಇಂಚು ಅಗಲ, 7 ಇಂಚು ಎತ್ತರದ ಎರಡು ತುಂಡು. ಒಳಗಿನ ತುಂಡು ಬ್ಯಾರೆ ಬಣ್ಣದ್ದಿರಲಿ, ಇಲ್ಲಾಂದ್ರ ತೆಗೆದು ಹಾಕೋವಾಗ ಖಾರದ ಮಗ್ಗಲು ಮೂಗಿಗೆ ಬರತೈತಿ. ಸುತ್ತ ಕಾಲು ಇಂಚು ಹೊಲಿಗೆ ಬಿಟ್ಟು, ಅರ್ಧ ಇಂಚಿನ 3 ನೆರಿಗೆ (ಒಂದೊಂದಕ್ಕ ಒಂದು ಇಂಚು ಬಟ್ಟೆ ಹೋಗತೈತಿ) ಹಿಡಿದ್ರ ಎತ್ತರ ಮೂರೂವರೆ ಇಂಚಿಗೆ ಬರತೈತಿ. ಹೊರಗಿನ ಮಗ್ಗಲಿಗೆ ನೆರಿಗೆಯ ಬಾಯಿ ಕೆಳಗ ನೋಡಬೇಕು. ಮ್ಯಾಲೆ ನೋಡಿದ್ರ ಖಾರದ ಧೂಳು ಅದ್ರಾಗ ಕುಂತು, ಅಲ್ಲಾಡಿದಾಗೆಲ್ಲಾ ಕಣ್ಣಿಗೆ ಏಳತೈತಿ. ನೆರಿಗೆ ಉಲ್ಟಾ ಆದ್ರ ಹೊಲಿಗೆ ಬಿಚ್ಚೂದ ಗತಿ!

ಎಲಾಸ್ಟಿಕ್ ಆದ್ರ 7 ಇಂಚಿನವು ಎರಡು. ದಿನಾ ಹಾಕೋರಿಗೆ ಲಾಡಿನೇ ಚೊಲೊ: 18 ಇಂಚಿನವು ನಾಕು. ಕಿವಿ ನೋಯೂದಿಲ್ಲ, ಬಿಸಿಲಿಗೆ ಸಡಿಲಾಗೂದೂ ಇಲ್ಲ.

ಮಾಸ್ಕಿನ ಜೊತಿ ಇಷ್ಟು ಹೇಳಿ ಕೊಡ್ರಿ: ತೆಗೆಯೋವಾಗ ಲಾಡಿ ಅಷ್ಟ ಹಿಡಿಬೇಕು. ಖಾರ ಬರೇ ನೀರಿಗೆ ಹೋಗೂದಿಲ್ಲ. ಹೊರಗ ಝಾಡಿಸಿ, ಸಾಬೂನು ನೀರಾಗ ಅರ್ಧ ತಾಸು ನೆನೆಸಿ, ತಿಕ್ಕಿ ತೊಳೀಬೇಕು. ಕೂಸಿನ ಬಟ್ಟಿ ಇರೋ ಬಕೆಟ್‌ಗೆ ಹಾಕಲೇಬಾರದು. ಬೆವರಿಗೆ ತೊಯ್ದ್ರ ಉಸಿರು ಕಟ್ಟತೈತಿ, ಆಳಿಗೆ ಎರಡೆರಡು ಕೊಡ್ರಿ.

ಖಾರಪುಡಿ ಗಿರಣಿಯವರು ಕೇಳಿದ್ರ ಇದನ್ನ ಕೊಡಬ್ಯಾಡ್ರಿ. ಅಷ್ಟು ಸಣ್ಣ ಪುಡಿ ಬಟ್ಟೆಗೆ ನಿಲ್ಲೂದಿಲ್ಲ, ಅವರಿಗೆ ಎನ್-95 ಬೇಕು.