ಮಗಳಿಗೊಂದು ಪತ್ರ: ಗರಗಸಕ್ಕಿಂತ ಮೊದಲು ತಕ್ಕಡಿ

ಪ್ರೀತಿಯ ಮಗಳೇ,

ಮನೆಯಲ್ಲೇ ಕಟ್ಟುವ ಮರದ ಪುಟ್ಟ ವಿಮಾನ ಮಿನಿ-ಮ್ಯಾಕ್ಸ್‌ನ ನಕ್ಷೆಗಳು ಕೈಸೇರಿದವು, ಗ್ಯಾರೇಜ್ ಖಾಲಿ ಮಾಡುತ್ತಿದ್ದೇನೆ, ಯಾವ ಗರಗಸ ಕೊಳ್ಳಲಿ ಎಂದು ಕೇಳಿದ್ದೀಯ. ಗರಗಸ ಯಾವುದಾದರೂ ನಡೆಯುತ್ತದೆ. ಮೊದಲು ಒಂದೊಂದು ಗ್ರಾಂ ತೋರಿಸುವ ತಕ್ಕಡಿ ಕೊಂಡುಕೋ.

ಅಮೆರಿಕದಲ್ಲಿ ಅತಿ ಹಗುರ ವಿಮಾನಗಳಿಗಿರುವ ಪಾರ್ಟ್ 103 ನಿಯಮದಡಿ ಈ ವಿಮಾನಕ್ಕೆ ನೋಂದಣಿ ಬೇಡ, ನಿನಗೆ ಪೈಲಟ್ ಪರವಾನಗಿಯೂ ಬೇಡ. ಇಲ್ಲಿ ಭಾರತದಲ್ಲಾದರೆ ಮೈಕ್ರೋಲೈಟ್‌ಗೂ ವಿಮಾನಯಾನ ನಿಯಂತ್ರಕರಾದ ಡಿಜಿಸಿಎಯ ಕಾಗದಪತ್ರ ಬೇಕೇ ಬೇಕು. ಆ ಸ್ವಾತಂತ್ರ್ಯಕ್ಕೆ ಅಲ್ಲಿ ಕಟ್ಟುವ ಬೆಲೆ ತೂಕ. ಒಂದೇ ಸೀಟು, ಖಾಲಿ ತೂಕ 254 ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು 115 ಕೆಜಿ. ಇಂಧನ 5 ಗ್ಯಾಲನ್, ಪೂರ್ತಿ ಥ್ರಾಟಲ್‌ನಲ್ಲಿ ವೇಗ 55 ನಾಟ್, ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವ ವೇಗ, 24 ನಾಟ್, ಇವು ಮೇಲ್ಮಿತಿ. ವೇಯ್ನ್ ಐಸನ್ ರೂಪಿಸಿದ ಈ ವಿಮಾನಕ್ಕೆ ಹಲವು ಮಾದರಿಗಳಿವೆ, ಎಲ್ಲವೂ ಈ ಮಿತಿಯೊಳಗೆ ಬರುವುದಿಲ್ಲ. ನಿನ್ನ ಕೈಲಿರುವುದು ಹಗುರವಾದ 103 ಮಾದರಿಯ ನಕ್ಷೆಯೇ ಎಂದು ಮರ ಕೊಯ್ಯುವ ಮುಂಚೆ ಖಚಿತ ಮಾಡಿಕೋ.

ತೂಕ ಎಂದೂ ಒಮ್ಮೆಲೇ ಏರುವುದಿಲ್ಲ. ಇಲ್ಲೊಂದು ದಪ್ಪ ಗಸೆಟ್ (ಮೂಲೆ ಬಿಗಿಯುವ ಪ್ಲೈವುಡ್ ತುಂಡು), ಅಲ್ಲೊಂದು ಹೆಚ್ಚುವರಿ ಬೋಲ್ಟ್, ಕೊನೆಗೆ ಹೊಳಪಿಗೆಂದು ಇನ್ನೊಂದು ಕೋಟು ಬಣ್ಣ. ಬಾಲದಲ್ಲಿ ಸೇರಿದ ತೂಕವಂತೂ ಎರಡು ಸಲ ದಂಡ ಕಟ್ಟಿಸುತ್ತದೆ. ಗುರುತ್ವ ಕೇಂದ್ರದಿಂದ 3 ಮೀಟರ್ ಹಿಂದೆ ಒಂದು ಕೆಜಿ ಹೆಚ್ಚಾದರೆ, ಅದನ್ನು ಸರಿದೂಗಿಸಲು 1.2 ಮೀಟರ್ ಮುಂದೆ ಎರಡೂವರೆ ಕೆಜಿ ಇಡಬೇಕು. ಒಟ್ಟು ಮೂರೂವರೆ ಕೆಜಿ ಹೋಯಿತು. ಹಾಗಾಗಿ ಒಂದು ನೋಟ್‌ಬುಕ್ ಇಟ್ಟು ರೆಕ್ಕೆಗೆ ಆಕಾರ ಕೊಡುವ ಪ್ರತಿ ರಿಬ್, ಪ್ರತಿ ಫಿಟ್ಟಿಂಗ್ ತೂಗಿ ಬರೆ. ಒಂದೇ ಅಚ್ಚಿನ ಚೌಕಟ್ಟಾದ ಜಿಗ್‌ನಿಂದ ಬಂದ ರಿಬ್‌ಗಳಲ್ಲಿ ಒಂದು ಮಾತ್ರ ಭಾರ ಇದ್ದರೆ ಅಂಟು ಅತಿಯಾಗಿದೆ, ಇಲ್ಲವೇ ಮರ ಬೇರೆ.

ಮರಕ್ಕೆ ಸಿಟ್ಕಾ ಸ್ಪ್ರೂಸ್ ಉತ್ತಮ. ಡಗ್ಲಸ್ ಫರ್ ಬಲದಲ್ಲಿ ಕಡಿಮೆಯಿಲ್ಲ, ಆದರೆ ಭಾರ. ಮರದ ನಾರಿನ ಎಳೆ ಓರೆಯಾಗುವುದು 15 ಇಂಚಿಗೆ 1 ಇಂಚು ಮೀರಬಾರದು, ಸ್ಪ್ರೂಸ್‌ನಲ್ಲಿ ಇಂಚಿಗೆ ಕನಿಷ್ಠ 6 ಬೆಳವಣಿಗೆ ಉಂಗುರ ಇರಬೇಕು, ತೇವಾಂಶ 8ರಿಂದ 12 ಶೇಕಡಾ. ಎಳೆಗೆ ಅಡ್ಡಲಾಗಿ ಕೂದಲಿನಂಥ ಸಣ್ಣ ಗೆರೆ ಕಂಡರೆ ಆ ಹಲಗೆ ಬೇಡವೇ ಬೇಡ. ಅದು ಮರ ಬೀಳುವಾಗಲೋ ಗಾಳಿಗೆ ಬಾಗಿದಾಗಲೋ ಒಳಗೆ ಜಜ್ಜಿಹೋದ ಗುರುತು. ದೀಪವನ್ನು ಹಲಗೆಯ ಪಕ್ಕದಿಂದ ಓರೆಯಾಗಿ ಹಿಡಿದು ಹುಡುಕು, ನೇರ ಬೆಳಕಿನಲ್ಲಿ ಕಾಣುವುದಿಲ್ಲ.

ಅಂಟಿನ ವಿಷಯ ಸಾವಧಾನವಾಗಿ ಓದು, ಮರದ ವಿಮಾನ ನಿಂತಿರುವುದೇ ಅದರ ಮೇಲೆ. ಟಿ-88 ಇಪಾಕ್ಸಿ ರೆಸಿನ್, ಹಾರ್ಡನರ್ ಎಂಬ ಎರಡು ಭಾಗ ಬೆರೆಸುವ ಅಂಟು; ಗಾತ್ರದ ಅಳತೆಯಲ್ಲಿ ಬೆರೆಸಿದರೆ ಸಮ ಪಾಲು. ತೂಗಿ ಬೆರೆಸುವುದಾದರೆ ಸಮ ಪಾಲಲ್ಲ, 100 ಭಾಗ ರೆಸಿನ್‌ಗೆ 83 ಭಾಗ ಹಾರ್ಡನರ್. ಇವೆರಡನ್ನು ಅದಲುಬದಲು ಮಾಡಿದವರ ಜಾಯಿಂಟ್ ಗಟ್ಟಿಯಾದಂತೆ ಕಂಡರೂ ಬಲ ಇರುವುದಿಲ್ಲ. ಪ್ಲೈವುಡ್‌ನ ನುಣುಪು ಹೋಗುವಂತೆ ಮರಳು ಕಾಗದದಿಂದ ಉಜ್ಜಿ, ಧೂಳು ತೆಗೆದು, ಎರಡೂ ಮುಖಕ್ಕೆ ಹಚ್ಚು. ಕ್ಲ್ಯಾಂಪನ್ನು ಬಿಗಿಯಾಗಿ ತಿರುಗಿಸಬೇಡ. ಬಡಗಿಯ ಅಂಟಿಗೆ ಒತ್ತಡ ಬೇಕು, ಇಪಾಕ್ಸಿಗೆ ಬೇಡ. ಒತ್ತಿದಷ್ಟೂ ಅಂಟು ಹೊರಗೆ ಹರಿದು ಜಾಯಿಂಟ್ ಒಣಗಿ ಉಳಿಯುತ್ತದೆ. ಅಂಚಿನುದ್ದಕ್ಕೂ ಸಣ್ಣ ಮಣಿಗಳಂತೆ ಅಂಟು ಹೊರಬಂದರೆ ಸಾಕು. ಓಹಾಯೋ ಚಳಿಯಲ್ಲಿ ಅದು ಗಟ್ಟಿಯಾಗಲು ದಿನಗಟ್ಟಲೆ ಹಿಡಿಯುತ್ತದೆ, ಅವಸರಕ್ಕೆ ಕ್ಲ್ಯಾಂಪ್ ತೆಗೆಯಬೇಡ.

ಬೆರೆಸಿದ ಪ್ರತಿ ಬಟ್ಟಲಿನಿಂದ ಒಂದಿಷ್ಟು ತೆಗೆದು ಎರಡು ಚೂರು ಮರ ಅಂಟಿಸಿ, ದಿನಾಂಕ ಬರೆದಿಡು. ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ಒಡೆ. ಮರ ಸೀಳಿದರೆ ಜಾಯಿಂಟ್ ಸರಿ. ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಟ್ಟುಕೊಂಡರೆ ಆ ಬಟ್ಟಲಿನಿಂದ ಮಾಡಿದ್ದೆಲ್ಲ ಹೊರಗೆ ಹೋಗಲಿ, ಎಷ್ಟೇ ಸಂಕಟವಾದರೂ. ವಾರ್ನಿಷ್ ಹಚ್ಚುವಾಗ ಮುಂದೆ ಅಂಟು ಬೀಳಬೇಕಾದ ಜಾಗಕ್ಕೆ ಟೇಪ್ ಹಾಕಿರು. ಬೋಲ್ಟ್ ತೂತುಗಳ ಒಳಗೂ ವಾರ್ನಿಷ್ ಇಳಿಯಲಿ, ಕೊಳೆಯುವಿಕೆ ಶುರುವಾಗುವುದೇ ಅಲ್ಲಿ.

ಬೋಲ್ಟ್ ಎಲ್ಲ ವಿಮಾನಕ್ಕೆಂದೇ ಮಾಡಿದ ಎಎನ್ ದರ್ಜೆಯದೇ ಇರಲಿ, ಹಾರ್ಡ್‌ವೇರ್ ಅಂಗಡಿಯದು ಬೇಡ. ಲೋಹದ ಫಿಟ್ಟಿಂಗ್‌ನಲ್ಲಿ ತೂತಿನ ನಡುವಿನಿಂದ ಅಂಚಿಗೆ ಬೋಲ್ಟ್ ವ್ಯಾಸದ ಎರಡರಷ್ಟಾದರೂ ಅಂತರ ಬೇಕು. ಡ್ರಿಲ್ ಬಿಟ್ ತನ್ನ ಅಳತೆಗಿಂತ ತುಸು ದೊಡ್ಡದಾದ, ಪೂರ್ತಿ ದುಂಡಗಿಲ್ಲದ ತೂತು ಕೊರೆಯುತ್ತದೆ. ಸ್ವಲ್ಪ ಚಿಕ್ಕದಾಗಿ ಕೊರೆದು, ತೂತನ್ನು ನುಣ್ಣಗೆ ಹೆರೆಯುವ ರೀಮರ್‌ನಿಂದ ಅಳತೆಗೆ ತರು. ಮರದ ಮೇಲೆ ಅಗಲ ವಾಷರ್ ಹಾಕು, ಇಲ್ಲದಿದ್ದರೆ ನಟ್ ಮರವನ್ನು ಜಜ್ಜುತ್ತದೆ. ಋತು ಬದಲಾದಾಗ ಮರ ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ, ಮತ್ತೆ ನೋಡು. ಬೋಲ್ಟ್ ತಿರುಗುವ ಕಡೆ, ಉದಾಹರಣೆಗೆ ಕಂಟ್ರೋಲ್ ಕೀಲುಗಳಲ್ಲಿ, ನೈಲಾನ್ ನಟ್ ನಂಬಬೇಡ. ಅಲ್ಲಿ ಸೀಳಿರುವ ಕ್ಯಾಸಲ್ ನಟ್ ಹಾಕಿ, ಅದು ಬಿಚ್ಚದಂತೆ ಕಾಟರ್ ಪಿನ್ ತೂರಿಸು.

ಪಾಲಿಯೆಸ್ಟರ್ ಬಟ್ಟೆ ಹೊದಿಸುವ ಮೊದಲು ಸ್ವಂತ ವಿಮಾನ ಕಟ್ಟುವವರ ಸಂಘ ಇಎಎಯ ಟೆಕ್ನಿಕಲ್ ಕೌನ್ಸೆಲರ್ ಒಬ್ಬರನ್ನು ಮನೆಗೆ ಕರೆ. ಸದಸ್ಯರಲ್ಲಿಗೆ ಅವರು ಸ್ವಯಂಸೇವೆಯಾಗಿ ಬರುತ್ತಾರೆ. ಬಟ್ಟೆ ಮುಚ್ಚಿದ ಮೇಲೆ ಯಾರಿಗೂ ಒಳಗಿನದು ಕಾಣುವುದಿಲ್ಲ. ಬಟ್ಟೆಯನ್ನು ಬಿಸಿಯಿಂದ ಕುಗ್ಗಿಸಿ ಬಿಗಿ ಮಾಡುವಾಗ ಇಸ್ತ್ರಿಪೆಟ್ಟಿಗೆಯ ಗುಂಡಿಯ ಅಂಕಿ ನಂಬದೆ ಥರ್ಮಾಮೀಟರ್ ಇಟ್ಟು ಅಳೆ. ಮೊದಲ ಸುತ್ತು 250 ಡಿಗ್ರಿ ಫ್ಯಾರನ್‌ಹೀಟ್. ಮಾಮೂಲು ವಿಮಾನಗಳಲ್ಲಿ 350ರವರೆಗೆ ಹೋಗುತ್ತಾರೆ, ಆದರೆ ಇಷ್ಟು ಹಗುರವಾದ ಚೌಕಟ್ಟು ಆ ಬಿಗಿತಕ್ಕೆ ಬಾಗಬಹುದು. ರೆಕ್ಕೆಯ ಹಿಂದಿನ ಅಂಚನ್ನು ನೋಡುತ್ತಾ ಹೋಗು, ಸೊಟ್ಟಗಾಗುವ ಸೂಚನೆ ಕಂಡಲ್ಲೇ ನಿಲ್ಲಿಸು. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಬೆಳ್ಳಿ ಕೋಟನ್ನು ತೂಕದ ನೆಪಕ್ಕೆ ಬಿಡಬೇಡ. ಮೇಲೆ ತಿಳಿ ಬಣ್ಣವೇ ಇರಲಿ, ಕಡು ಬಣ್ಣ ಬಿಸಿಲಿಗೆ ಕಾದು ಒಳಗಿನ ಇಪಾಕ್ಸಿಯನ್ನು ಮೆತ್ತಗಾಗಿಸುತ್ತದೆ.

ಕೊನೆಗೆ ಹಾರುವ ಭಂಗಿಯಲ್ಲಿ ಮೂರು ಚಕ್ರಗಳ ಕೆಳಗೂ ತಕ್ಕಡಿ ಇಟ್ಟು, ನೀನು ಒಳಗೆ ಕೂತು ತೂಗಿಸು. ಇಂಧನ ತುಂಬಿ ಒಮ್ಮೆ, ಬರಿದು ಮಾಡಿ ಒಮ್ಮೆ. ಎರಡರಲ್ಲೂ ಗುರುತ್ವ ಕೇಂದ್ರ ನಕ್ಷೆ ಹೇಳಿದ ಗೆರೆಗಳ ನಡುವೆ ಬರಬೇಕು. ಹಿಂದಿನ ಗೆರೆ ದಾಟಿದ್ದರೆ ಒಂದು ಬೆರಳಿನಷ್ಟು ಕೂಡ ರಾಜಿ ಬೇಡ. ಮುಂದೆ ಭಾರವಾದ ವಿಮಾನ ಮೊಂಡು ಹಿಡಿಯುತ್ತದೆ, ಹಿಂದೆ ಭಾರವಾದದ್ದು ಸ್ಟಾಲ್ ಆದ ಮೇಲೆ ಕೈಗೆ ಸಿಗದೆ ಹೋಗಬಹುದು.

ಸೀಟು ಒಂದೇ, ಹಾಗಾಗಿ ಮೊದಲ ಹಾರಾಟದಲ್ಲಿ ಪಕ್ಕದಲ್ಲಿ ಗುರು ಇರುವುದಿಲ್ಲ. ಪರವಾನಗಿ ಬೇಡ ಎಂದ ಮಾತ್ರಕ್ಕೆ ಪಾಠ ಬೇಡ ಎಂದಲ್ಲ. ಎರಡು ಸೀಟಿನ, ಇದೇ ಥರ ಹಗುರವಾದ, ಬಾಲದಲ್ಲಿ ಚಕ್ರವಿರುವ ವಿಮಾನದಲ್ಲಿ ಕಲಿ. ಸೆಸ್ನಾದಂಥ ಭಾರದ ತರಬೇತಿ ವಿಮಾನದಲ್ಲಿ ಮಾತ್ರ ಕಲಿತವರು ಇಲ್ಲಿ ಎಡವುವುದು ಎಂಜಿನ್ ನಿಂತಾಗ. ಹಗುರ ವಿಮಾನಕ್ಕೆ ಓಟದ ಬಲ ಕಡಿಮೆ, ಗಾಳಿಯ ತಡೆ ಹೆಚ್ಚು, ವೇಗ ತಟ್ಟನೆ ಕರಗುತ್ತದೆ. ಯೋಚಿಸುವ ಮುಂಚೆಯೇ ಮೂತಿ ಕೆಳಗಾಗಬೇಕು. ಅದು ನಿನ್ನ ಕೈಗೆ ಅಭ್ಯಾಸವಾಗಿದೆ ಎಂದು ಕಲಿಸಿದವರು ಹೇಳುವವರೆಗೆ ವಿಮಾನ ಗ್ಯಾರೇಜಿನಲ್ಲೇ ಇರಲಿ.

ಮೊದಲು ಒಡೆದ ಅಂಟಿನ ಚೂರುಗಳ ಫೋಟೋ ಕಳಿಸು, ಎರಡೂ ಮುಖ ಕಾಣುವ ಹಾಗೆ.

ನಿನ್ನ ಅಪ್ಪ