ಕುಡಿತ ಬಿಟ್ಟವರು ಕೂಡಲು ಒಂದು ಕೋಣೆ ಕೊಡಿ: ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ಮದ್ಯದಂಗಡಿ ಮುಚ್ಚಿಸಿ ಎಂದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋದವರಲ್ಲಿ ರಾಯಚೂರಿನ ತಾಯಂದಿರೂ ಇದ್ದರು. ಅವರ ಬೇಡಿಕೆ ನನ್ನದೂ ಹೌದು. ಆದರೆ ಅಂಗಡಿ ಮುಚ್ಚುವವರೆಗೆ ಕಾಯಲಾಗದವರು, ಇವತ್ತೇ ಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದವರು ಊರೂರಲ್ಲಿದ್ದಾರೆ. ಅವರಿಗಾಗಿ ಕೇಳುತ್ತಿದ್ದೇನೆ: ಅವರು ಕೂಡಿ ಮಾತಾಡಲು ಪ್ರತಿ ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೊಮ್ಮೆ ಒಂದು ಸರ್ಕಾರಿ ಕೋಣೆ ಕೊಡಿ. ಆ ಕೋಣೆ ಎಲ್ಲಿದೆ, ಯಾವ ದಿನ, ಎಷ್ಟು ಗಂಟೆಗೆ ತೆರೆದಿರುತ್ತದೆ ಎಂದು ಎಲ್ಲರಿಗೂ ಕಾಣುವಂತೆ ಬರೆಸಿ.

ನನ್ನ ತಮ್ಮ ಕೈನಡುಕ, ಬೆವರು, ನಿದ್ದೆಯಿಲ್ಲದ ರಾತ್ರಿಗಳನ್ನೆಲ್ಲ ಆಸ್ಪತ್ರೆಯೊಂದರಲ್ಲಿ ಕಳೆದು, ಮಾತ್ರೆ ಚೀಟಿ ಹಿಡಿದು ಮನೆಗೆ ಬಂದ. ‘ಇನ್ನ ಮ್ಯಾಲೆ ಕುಡೀಬ್ಯಾಡ್ರಿ’ ಎಂದು ಕಳಿಸಿದ್ದರು. ಸಂಜೆಯಾದರೆ ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಕೂತು ಮಾತಾಡಬೇಕು ಎಂದು ಒಬ್ಬರೂ ಹೇಳಿರಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವಿದೆ, ಎಎ ಮೀಟಿಂಗ್ ಅಂತಾರೆ ಎಂದು ತಿಳಿಸಿದವರು ಬೆಂಗಳೂರಿಗೆ ಗುಳೆ ಹೋಗಿ ಅಲ್ಲಿ ಕುಡಿತ ಬಿಟ್ಟುಬಂದ ನಮ್ಮೂರಿನ ಗಾರೆ ಕೆಲಸದವರು. ತಮ್ಮ ಮೊದಮೊದಲು ಮೊಬೈಲಿನಲ್ಲೇ ಕನ್ನಡದ ಮೀಟಿಂಗ್ ಸೇರುತ್ತಿದ್ದ. ನಮ್ಮದು ಚಿಕ್ಕ ಮನೆ. ಮಕ್ಕಳು ಪಕ್ಕದಲ್ಲೇ, ಗೋಡೆಯಾಚೆ ನೆರೆಯವರು. ಮನಸ್ಸು ಬಿಚ್ಚಿ ಮಾತಾಡಲೆಂದು ಹೊಲಕ್ಕೆ ಹೋದರೆ ಅಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಎದುರಿಗೆ ಕೂತು ಮಾತಾಡುವ ಮೀಟಿಂಗ್ ಹತ್ತಿರದಲ್ಲಿ ಎಲ್ಲಿದೆ ಎಂದು ನಾವು ಕೇಳದ ಕಚೇರಿಯಿಲ್ಲ. ಸಿಕ್ಕಿದ್ದು ಗೋಡೆಗಳ ಮೇಲೆ ಬರೆದ ‘ಕುಡಿತ ಬಿಡಿಸುತ್ತೇವೆ’ ಎನ್ನುವವರ ನಂಬರುಗಳು ಮಾತ್ರ.

ಈ ಮೀಟಿಂಗ್‌ನಲ್ಲಿ ನಡೆಯುವುದು ಬಹಳ ಸರಳ. ಅಮೆರಿಕದ ಆಕ್ರನ್ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಶಸ್ತ್ರವೈದ್ಯರು, ಒಬ್ಬರಿಗೊಬ್ಬರು ತಮ್ಮ ಪಾಡು ಹೇಳಿಕೊಂಡು ಕುಡಿಯದೆ ಉಳಿದರು. ಭಾರತಕ್ಕೆ ಇದು 1957ರಲ್ಲಿ ಬಂತು. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಜಾತಿ, ಆಧಾರ್ ಕಾರ್ಡು ಯಾವುದನ್ನೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು. ನಮ್ಮ ಕಡೆ ಕುಡುಕನಿಗೆ ಬುದ್ಧಿ ಹೇಳದವರಿಲ್ಲ, ಅವನ ಮಾತು ಕೇಳುವವರು ಮಾತ್ರ ಸಿಗುವುದಿಲ್ಲ. 10,000ಕ್ಕೂ ಹೆಚ್ಚು ಜನರ ಮೇಲೆ ನಡೆದ 27 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಜನರನ್ನು ಈ ಮೀಟಿಂಗ್‌ಗಳಿಗೆ ವ್ಯವಸ್ಥಿತವಾಗಿ ಜೋಡಿಸುವ ಕ್ರಮ ಬೇರೆ ಚಿಕಿತ್ಸೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು ಅದರಿಂದ ತಿಳಿಯಿತು.

ವೈದ್ಯರು ಬೇಡವೆಂದು ಯಾರೂ ತಿಳಿಯಬಾರದು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೇ ಹೋಗಬಹುದು. ಅಂಥವರು ಮೊದಲು ಆಸ್ಪತ್ರೆಗೇ ಹೋಗಬೇಕು. ಅದಕ್ಕೇ ಆಸ್ಪತ್ರೆಗೂ ಮೀಟಿಂಗ್‌ಗೂ ನಡುವೆ ದಾರಿ ಬೇಕೆನ್ನುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ನಡೆಯುವುದು ಮಂಗಳವಾರ. ಹಳ್ಳಿಯವರು ಅಂದು ಹೇಗೂ ಪಟ್ಟಣಕ್ಕೆ ಬಂದಿರುತ್ತಾರೆ. ಅದೇ ದಿನ ಮಧ್ಯಾಹ್ನದ ಮೇಲೆ ಅಲ್ಲಿಯೇ ಒಂದು ಕೋಣೆ ಬಿಟ್ಟುಕೊಟ್ಟರೆ ಮೀಟಿಂಗ್ ಮುಗಿಸಿ ಊರಿನ ಕೊನೆಯ ಬಸ್ಸು ಹಿಡಿಯಬಹುದು. ಇದು ಸಣ್ಣ ಮಾತಲ್ಲ. ಬಸ್ಸು ತಪ್ಪಿದವನಿಗೆ ಆ ಹೊತ್ತಿನಲ್ಲಿ ಬಸ್ ನಿಲ್ದಾಣದ ಸುತ್ತ ತೆರೆದಿರುವುದು ಏನೆಂದು ತಮಗೂ ಗೊತ್ತು.

ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಿಂದ ಹಿಡಿದು ಎಲ್ಲ ಆಸ್ಪತ್ರೆಗಳ ಡಿಸ್ಚಾರ್ಜ್ ಚೀಟಿಯ ಜೊತೆ ಒಂದು ಹಾಳೆ ಕೊಡಿಸಿ. ಅದರಲ್ಲಿ ಮೀಟಿಂಗ್‌ನ ಜಾಗ, ವಾರ, ವೇಳೆ ಇರಲಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇರಲಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳ ವಿವರವೂ ಇರಲಿ, ಒಬ್ಬೊಬ್ಬರಿಗೆ ಒಂದೊಂದು ದಾರಿ ಹಿಡಿಸುತ್ತದೆ. ಬೆಂಗಳೂರಿನ ಮೀಟಿಂಗ್‌ಗಳನ್ನೂ ಸೇರಿಸಿ. ಇಲ್ಲಿ ಬಿಟ್ಟವನು ಗುಳೆ ಹೋದಲ್ಲಿ, ಶೆಡ್ಡಿನಲ್ಲಿ, ಪಗಾರದ ದಿನ ಮತ್ತೆ ಹಿಡಿಯುತ್ತಾನೆ. ಅಂಥ ಎಷ್ಟೋ ಮಂದಿಯನ್ನು ಕಂಡಿದ್ದೇವೆ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಹೇಳಲಿ.

ಅಬಕಾರಿಯಿಂದ 2025-26ಕ್ಕೆ ರಾಜ್ಯ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ಪಾಲು ಕೊಡುತ್ತೇವೆಂದರೂ ಎಎ ತೆಗೆದುಕೊಳ್ಳುವುದಿಲ್ಲ, ಹೊರಗಿನವರ ದುಡ್ಡು ಮುಟ್ಟಬಾರದೆಂಬುದು ಅವರ ನಿಯಮ. ಹಾಗಾಗಿ ಕೋಣೆಗೆ ಚಿಕ್ಕದೊಂದು ಬಾಡಿಗೆ ಗೊತ್ತುಮಾಡಿ. ಉದ್ಘಾಟನೆ, ಶಾಲು, ಫೋಟೊ ದಯವಿಟ್ಟು ಬೇಡ. ಪತ್ರಿಕೆಯಲ್ಲಿ ಒಬ್ಬನ ಮುಖ ಬಂದರೂ ಮುಂದಿನ ವಾರ ಆ ಕೋಣೆಗೆ ಯಾರೂ ಬರುವುದಿಲ್ಲ.

ಸಾಧ್ಯವಾದರೆ ಪಕ್ಕದಲ್ಲೇ ಇನ್ನೊಂದು ಕೋಣೆ ಕೊಡಿ. ಕುಡಿಯುವವರ ಮನೆಯವರಿಗೆಂದೇ 1951ರಿಂದ ಆಲ್-ಅನಾನ್ ಎಂಬ ಕೂಟವಿದೆ. ಗಂಡನನ್ನು ಮೀಟಿಂಗ್‌ಗೆ ಕರೆತಂದ ಹೆಂಡತಿ ಹೊರಗೆ ಮರದ ಕೆಳಗೆ ಕಾಯುತ್ತ ಕೂಡುವ ಬದಲು ತನ್ನಂಥವರ ಜೊತೆ ಕೂತಾಳು. ಕುಡಿತಕ್ಕೆ ಸಿಕ್ಕ ಹೆಣ್ಣುಮಕ್ಕಳೂ ಇದ್ದಾರೆ. ಗಂಡಸರ ನಡುವೆ ಬಂದು ಅವರು ಬಾಯಿ ಬಿಡಲಾರರು, ಅವರಿಗೆ ಬೇರೆ ವೇಳೆ ಬೇಕು.

ಆದೇಶ ಹೊರಡಿಸುವ ಮುನ್ನ ಕುಡಿತ ಬಿಟ್ಟ ನಾಲ್ಕು ಜನರನ್ನು ಕರೆಸಿ ಮಾತಾಡಿ. ಕೋಣೆ ಎಲ್ಲಿದ್ದರೆ ಬರಲು ಅಂಜಿಕೆಯಾಗುವುದಿಲ್ಲ ಎಂದು ಅವರೇ ಹೇಳುತ್ತಾರೆ. ಹೆಸರು ಮಾತ್ರ ಬರೆದುಕೊಳ್ಳಬೇಡಿ.

ಇಂತಿ,
ಕುಡಿತ ಬಿಟ್ಟವನೊಬ್ಬನ ಅಕ್ಕ,
ಸಿಂಧನೂರು ತಾಲ್ಲೂಕು