ಕೂಲರ್ ಬಂದ್ ಮಾಡಿ ನುಡಿಸಿದ ಹಾಡುಗಳು

ಕಲಬುರಗಿ
ಮೇ ತಿಂಗಳು, ರಾತ್ರಿ ಎರಡೂವರೆ

ದೋಸ್ತ,

ಬೆರಳ ತುದಿ ಇನ್ನೂ ಉರಿಯುತ್ತಿದೆ. ಆದರೂ ಇವತ್ತೇ ಬರೆಯಬೇಕು ಅನಿಸಿತು. ನೀನು ಪುಣೆಗೆ ಹೋಗುವಾಗ ಬೈದು ಹೋಗಿದ್ದೆಯಲ್ಲ, ನಿಮ್ಮ ಸ್ವಂತ ಹಾಡು ಈ ಜನ್ಮದಲ್ಲಿ ಮುಗಿಯೋದಿಲ್ಲ ಅಂತ. ಮುಗಿದಿಲ್ಲ. ಬೇರೆಯವರ ಹಾಡು ಹಿಡಿದುಕೊಂಡು ಕೂತಿದ್ದೇವೆ. ಹಳೆಯ ಪಾಪ್, ರಾಕ್ ಹಾಡುಗಳನ್ನು ನಮ್ಮ ಬ್ಯಾಂಡಿನ ಮೆಟಲ್ ಧಾಟಿಯಲ್ಲಿ, ಅಂದರೆ ಅಬ್ಬರದ ಗಿಟಾರು, ಡ್ರಮ್ಸ್ ಇಟ್ಟುಕೊಂಡು ನುಡಿಸುವುದು. ನಾಲ್ಕು ಅಂದುಕೊಂಡಿದ್ದೆವು, ಮೂರು ಆಗಿವೆ. ಅದರಲ್ಲಿ ಒಂದು ಮಾತ್ರ ಕೇಳುವ ಹಾಗಿದೆ.

ರೆಕಾರ್ಡಿಂಗ್ ನಮ್ಮ ಮನೆಯ ಹಿಂದಿನ ಖೋಲಿಯಲ್ಲೇ. ಕೆಳಗೆ ಶಹಾಬಾದ್ ಫರಸಿ, ಸುತ್ತ ಕಲ್ಲಿನ ಗೋಡೆ, ನಿನಗೆ ಗೊತ್ತೇ ಇದೆ. ಸಿಂಬಲ್ ಒಂದು ಏಟು ಬಾರಿಸಿದರೆ ಸದ್ದು ನಾಲ್ಕು ಸುತ್ತು ತಿರುಗಿ ಬರುತ್ತಿತ್ತು. ಕೊನೆಗೆ ಅವ್ವನ ಟ್ರಂಕಿನಲ್ಲಿದ್ದ ಕೌದಿಗಳನ್ನೆಲ್ಲ ತಂದು ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದೆವು, ಉಳಿದದ್ದನ್ನು ಕೆಳಗೆ ಹಾಸಿದೆವು. ಗೋಡೆ ಸುಮ್ಮನಾಯಿತು. ಆದರೆ ಆಯಿ ಕೈಯಾರೆ ಹೊಲಿದ ಕೌದಿ ಡ್ರಮ್ಮಿನ ಕೆಳಗೆ ಬಿದ್ದಿರುವುದನ್ನು ನೋಡಿ ಅವ್ವ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ಕೌದಿಗಿಂತ ದೊಡ್ಡ ತಲೆನೋವು ಕೂಲರ್. ಹಾಕಿದರೆ ಮೈಕಿನಲ್ಲಿ ಬರೀ ಅದರ ಗುರ್ ಗುರ್. ಬಂದ್ ಮಾಡಿದರೆ ಈ ಊರಿನ ಮೇ ತಿಂಗಳು. ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ ಅಂತ ಓದಿದ್ದೆ, ಈಗ ಅನುಭವಿಸಿದೆ. ಕೂಲರ್ ಹಾಕಿಕೊಂಡು ಶ್ರುತಿ ಮಾಡಿ, ಬಂದ್ ಮಾಡಿ ನುಡಿಸಲು ಶುರು ಮಾಡಿದರೆ ಮೂರನೇ ಸಾಲಿಗೆ ಎರಡು ಗಿಟಾರು ಎರಡು ಊರಿಗೆ ಹೊರಟಿರುತ್ತಿದ್ದವು. ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಮಾತ್ರ ಕೆಲಸ. ಮಧ್ಯೆ ಕರೆಂಟ್ ಹೋಗುವುದು ಬೇರೆ.

ಮೊದಲು ಹಿಡಿದಿದ್ದು ಕಿಂಕ್ಸ್ ತಂಡದ 1964ರ 'ಯು ರಿಯಲಿ ಗಾಟ್ ಮಿ'. 1978ರಲ್ಲಿ ವ್ಯಾನ್ ಹೇಲನ್ ಅದನ್ನೇ ಮತ್ತೆ ನುಡಿಸಿ ಹೆಸರು ಮಾಡಿತು. ಮೂಲ ಹಾಡಿನ ಆ ಒರಟು ಧ್ವನಿಗಾಗಿ ಕಿಂಕ್ಸ್ ಗಿಟಾರ್ ವಾದಕ ಡೇವ್ ಡೇವಿಸ್, ಗಿಟಾರಿನ ಸದ್ದು ದೊಡ್ಡದು ಮಾಡುವ ತನ್ನ ಆಂಪ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ್ದನಂತೆ. ನಮ್ಮ ಹಳೆಯ ಆಂಪ್‌ನ ಸ್ಪೀಕರನ್ನು ಇಲಿಯೇ ಕಡಿದಿದೆ, ಆ ಧ್ವನಿ ಮಾತ್ರ ಬರಲಿಲ್ಲ. ಎರಡನೆಯದು ಯೂರಿದ್ಮಿಕ್ಸ್‌ನ 'ಸ್ವೀಟ್ ಡ್ರೀಮ್ಸ್'. ಅದರ ಮಾತು ಬೇಡ.

ಮೂರನೆಯದಕ್ಕಾಗಿ ಈ ಪತ್ರ. ಜೋನ್ ಬಯೆಜ್‌ಳ 'ಡೈಮಂಡ್ಸ್ ಅಂಡ್ ರಸ್ಟ್', 1975ರದು. ಹಳೆಯ ಪ್ರಿಯಕರನಿಂದ ಇದ್ದಕ್ಕಿದ್ದಂತೆ ಫೋನ್ ಬರುತ್ತದೆ, ಅಷ್ಟೇ ಕಥೆ. ಎರಡೇ ವರ್ಷಕ್ಕೆ, 1977ರಲ್ಲಿ, ಜೂಡಸ್ ಪ್ರೀಸ್ಟ್ ಅನ್ನುವ ಮೆಟಲ್ ತಂಡ ಅದನ್ನು ಎತ್ತಿಕೊಂಡು ಕುದುರೆ ಓಟಕ್ಕೆ ಹಚ್ಚಿತು. ನಾವು ಅದಕ್ಕಿಂತ ಭಾರ ಮಾಡೋಣ ಅಂತ ಹೊರಟೆವು. ಪೂರ್ತಿ ಕಾರ್ಡ್, ಅಂದರೆ ಸ-ಗ-ಪ ಒಟ್ಟಿಗೆ ಹಿಡಿದು, ಧ್ವನಿ ಒರಟು ಮಾಡುವ ಡಿಸ್ಟಾರ್ಶನ್ ಹಾಕಿದರೆ ಮಿಕ್ಸರ್‌ನಲ್ಲಿ ಶೇಂಗಾ ಅರೆದ ಹಾಗೆ ಕೇಳಿಸಿತು. ಅದಕ್ಕೇ ಅಲ್ವಾ ಮೆಟಲ್‌ನವರು ಪವರ್ ಕಾರ್ಡ್ ನುಡಿಸೋದು? ಅದರಲ್ಲಿ ಸ ಇದೆ, ಪ ಇದೆ, ಗ ಇಲ್ಲ. ಡಿಸ್ಟಾರ್ಶನ್ ಹಾಕಿದಾಗ ಗ ನಡುವೆ ಬಂದರೆ ಸ್ವರಗಳು ಒಂದಕ್ಕೊಂದು ಗುದ್ದಾಡುತ್ತವೆ. ಗ ಬಿಟ್ಟೆವು. ಸದ್ದು ಗಟ್ಟಿಯಾಯಿತು, ದುಃಖ ಹೊರಟು ಹೋಯಿತು. ಆ ಹಾಡಿನ ದುಃಖ ಇದ್ದದ್ದೇ ಆ ಕೋಮಲ ಗಾಂಧಾರದಲ್ಲಿ. ನಮ್ಮದು ಯಾರನ್ನೋ ಹೊಡೆಯಲು ಹೊರಟ ಗುಂಪಿನ ಹಾಗೆ ಕೇಳುತ್ತಿತ್ತು. ಮೇಲಿಂದ ನಮ್ಮ ಗಾಯಕ ಮೊದಲ ಸಾಲಿನಿಂದಲೇ ಒದರುವುದು.

ಹನ್ನೊಂದು ದಿನ ಹೀಗೇ ಹೋಯಿತು.

ಒಂದು ರಾತ್ರಿ ಅಪ್ಪ ನೀರು ಕುಡಿಯಲು ಎದ್ದವರು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಅಂದುಕೊಂಡೆ. ಒಳಗೆ ಬಂದು ಕೌದಿಯ ಮೇಲೆ ಕೂತರು. ಅಪ್ಪ, ಅಂದರೆ ನಿನ್ನ ಕಾಕಾ, ಸೋಮವಾರದ ಭಜನೆಯಲ್ಲಿ ಪೇಟಿ ಬಾರಿಸುತ್ತಾರೆ, ಮರೆತಿಲ್ಲ ತಾನೆ? ಎರಡು ಸಲ ಕೇಳಿ, "ಇಷ್ಟು ಒದರಿದರ ಪದಾ ಎಲ್ಲಿ ಕೇಳ್ತದ?" ಅಂದರು. ಆಮೇಲೆ ಡ್ರಮ್ಮರ್ ಕಡೆ ತಿರುಗಿ, "ತಾಳ ಓಡ್ಲಕತ್ತದ." ಅವನ ಮುಖ ನೋಡಬೇಕಿತ್ತು ನೀನು.

ಪವರ್ ಕಾರ್ಡ್‌ನ ಗೋಳು ಹೇಳಿಕೊಂಡೆ. ಅಪ್ಪ ಎದ್ದು ಹೋಗಿ ಏಕತಾರಿ ತಂದರು. ನಮ್ಮ ಸ-ಕ್ಕೆ ಸೇರಿಸಿ ಮೀಟುತ್ತಾ ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ಹಿಡಿದರು. ಬಾಯಲ್ಲಿ ಎಲ್ಲ ಸ್ವರ, ತಂತಿಯಲ್ಲಿ ಒಂದೇ. "ನಿಮ್ಮ ಗಿಟಾರ್ ಮಾಡೋದು ಇದೇ ಅದ. ತಂತಿ ಗ ಹೇಳಂಗಿಲ್ಲಪಾ, ಗ ಹೇಳೋದು ಬಾಯಿ." ಇಷ್ಟು ಹೇಳಿ ನೀರಿನ ತಂಬಿಗೆ ತಗೊಂಡು ಮಲಗಲು ಹೋದರು.

ನಾವು ಮತ್ತೆ ಪ್ರೀಸ್ಟ್ ಹಾಕಿ ಕೇಳಿದೆವು. ಕೆಳಗೆ ಗಿಟಾರು ಎಷ್ಟೇ ಓಡಲಿ, ಅವರ ಗಾಯಕ ಹಾಲ್‌ಫರ್ಡ್ ಮೇಲೆ ಧಾಟಿ ಬಿಡದೆ ಹಾಡುತ್ತಾನೆ. ಇಷ್ಟು ವರ್ಷ ನಾನು ಬರೀ ಗಿಟಾರ್ ಕೇಳುತ್ತಿದ್ದೆ ನೋಡು. ಮರುದಿನ ವೇಗ ಅರ್ಧ ಮಾಡಿದೆವು. ಗಿಟಾರಿನಲ್ಲಿ ಸ-ಪ ಮಾತ್ರ, ಒಂದು ಸಲ ಮೀಟಿ ಬಿಟ್ಟು ಸದ್ದು ಆರುವ ತನಕ ಕಾಯುವುದು. ಗಾಯಕ ಬಾಯಿಬಿಟ್ಟು ಹಾಡಿದ, ಹೆದರಿ ಹೆದರಿ. ಒದರುವುದಕ್ಕೆ ಕೊನೆಯ ಸಾಲು ಬಿಟ್ಟುಕೊಟ್ಟೆವು. ಅಲ್ಲಿ ಬಂದಾಗ ನನಗೇ ಮೈ ಜುಮ್ ಅಂದಿತು.

ನಾಲ್ಕನೆಯದು 'ದಿ ಸೌಂಡ್ ಆಫ್ ಸೈಲೆನ್ಸ್' ಆಗಬೇಕಿತ್ತು, ಕೈಬಿಟ್ಟೆವು. ಅದರ ಹಣೆಬರಹವೇ ವಿಚಿತ್ರ. ಸೈಮನ್ ಮತ್ತು ಗಾರ್ಫಂಕಲ್ 1964ರಲ್ಲಿ ಬರೀ ಗಿಟಾರ್ ಇಟ್ಟುಕೊಂಡು ಹಾಡಿದಾಗ ಯಾರೂ ಕೇಳಲಿಲ್ಲ. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಅವರಿಬ್ಬರಿಗೂ ಹೇಳದೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿದ. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. 2015ರಲ್ಲಿ ಡಿಸ್ಟರ್ಬ್ಡ್ ತಂಡ ಉಲ್ಟಾ ಮಾಡಿತು. ಮೆಟಲ್‌ನವರಾಗಿ ಅಬ್ಬರದ ಗಿಟಾರನ್ನೇ ಬಿಟ್ಟು ಪಿಯಾನೊ, ಪಿಟೀಲು ಇಟ್ಟುಕೊಂಡು ಹಾಡಿದರು. ಅದಾದ ಮೇಲೆ ನಾವು ಹೊಸದಾಗಿ ಏನು ಮಾಡೋದು?

ಹಾಡನ್ನು ಮಾರಬಹುದಾ ಅಂತ ನೀನು ಕೇಳಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬೇರೆಯವರ ಹಾಡನ್ನು ಹೊಸದಾಗಿ ನುಡಿಸಿ ಮಾರುವ ಬಗ್ಗೆ 31ಸಿ ಅಂತ ಒಂದು ಕಲಮಿದೆ, 2012ರಲ್ಲಿ ಸೇರಿಸಿದ್ದು. ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದು 5 ವರ್ಷ ಕಳೆದಿರಬೇಕು, ರಾಯಲ್ಟಿ ಮುಂಚಿತವಾಗಿ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50,000 ಪ್ರತಿ ಲೆಕ್ಕದಲ್ಲಿ. ನಮ್ಮನ್ನು ಕೇಳುವವರು ಐವತ್ತು ಜನ, ಅದರಲ್ಲಿ ಅರ್ಧ ಬೀಗರು. ಹಾಡನ್ನು ಬೇಕಾದ ಹಾಗೆ ಬದಲಿಸುವಂತೆಯೂ ಇಲ್ಲ. ನಾವು ಮಾಡಿದ್ದೇ ಅದು! ಸದ್ಯಕ್ಕೆ ಮಾರುವ ಮಾತಿಲ್ಲ, ನಮ್ಮ ನಮ್ಮಲ್ಲೇ ಕೇಳಿಕೊಳ್ಳೋಣ.

ನಿನ್ನ ಬೇಸ್ ಗಿಟಾರಿನ ಜಾಗ ಇನ್ನೂ ಖಾಲಿ ಇದೆ. ಬೇರೆ ಯಾರನ್ನೂ ಕರೆದಿಲ್ಲ. ಫೈಲ್ ಕಳಿಸಿದ್ದೇನೆ, ತಾಳ ಎಣಿಸುವ ಕ್ಲಿಕ್ ಜೊತೆಗೇ ಇದೆ. ಮೊದಲ ಎರಡು ಸಾಲು ಸುಮ್ನೆ ಇರು, ಮೂರನೆಯದಕ್ಕೆ ಕೆಳಗಿನ ಸ ಹಿಡಿ. ನಿನ್ನ ಹಳೆಯ ಚಟ ಗೊತ್ತು, ನಡುವೆ ಕುಣಿಸಬೇಡ. ಎರಡನೇ ನಿಮಿಷದಲ್ಲಿ ಟಿಣ್ ಟಿಣ್ ಅಂತ ಕೇಳಿದರೆ ಗಾಬರಿ ಬೀಳಬೇಡ, ಕುಲ್ಫಿಯವನು ಓಣಿಯಲ್ಲಿ ಹೋಗಿದ್ದು. ಅಳಿಸೋಣ ಅಂದೆ, ಡ್ರಮ್ಮರ್ ಬಿಡಲಿಲ್ಲ. ತಾಳಕ್ಕೆ ಸರಿಯಾಗಿ ಬಿದ್ದಿರುವುದು ಅದೊಂದೇ ಅನ್ನುತ್ತಾನೆ.

ರಜೆ ಸಿಕ್ಕರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದುಬಿಡು. ಬರುವಾಗ ಒಂದು ಸೆಟ್ ತಂತಿ ತಾ, ಬೆವರಿಗೆ ನನ್ನವು ತುಕ್ಕು ಹಿಡಿದಿವೆ.

ನಿನ್ನ,
ಖೋಲಿ ಮಾಲೀಕ